ಬಾದಾಮಿಯ ಗದ್ದಲದಿಂದ ಒಂದು ಏಣು ಆಚೆ: ಸದ್ದಿಲ್ಲದ ಗುಡ್ಡ ಹುಡುಕುವವರಿಗೆ

ಡಿಸೆಂಬರ್ ಬಂತೆಂದರೆ ಬಾದಾಮಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಶನಿವಾರ, ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಣಬಸದಿಯ, ಅಂದರೆ ಗುಹೆಗಳ, ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮಾಸ್ತರರ ಸೀಟಿ, ಮಕ್ಕಳ ಕೂಗು, ಕೆಳಗೆ ಗಾಡಿಗಳ ಹಾರ್ನು, ಇದರ ನಡುವೆ ಕೈಚೀಲಕ್ಕೆ ಹೊಂಚು ಹಾಕಿ ಕೂತ ಮಂಗಗಳು. ಬೆಟ್ಟ, ಕೆರೆ, ಗಾಳಿ ಎಂದು ಆಸೆಪಟ್ಟು ಬಂದವರು ಊಟ ಮುಗಿಸಿ ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಅಲ್ಲೂ ಅವೇ ಬಸ್ಸುಗಳು ನಿಂತಿರುತ್ತವೆ.

ಆದರೆ ಇಷ್ಟೂ ಜನ ನಿಲ್ಲುವ ಜಾಗ ಬಹಳ ಚಿಕ್ಕದು. ಟಿಕೆಟ್ ಕೌಂಟರಿನಿಂದ ನಾಲ್ಕನೆಯ ಗುಹೆಯವರೆಗೆ, ವಸ್ತುಸಂಗ್ರಹಾಲಯದ ಅಂಗಳ, ಭೂತನಾಥ ಗುಡಿಯ ಮುಂದಿನ ಕಟ್ಟೆ, ಅಷ್ಟೇ. ಅದರಾಚೆ ಕೆಂಪು ಮರಳುಗಲ್ಲಿನ ಗುಡ್ಡಗಳು ಕಿಲೋಮೀಟರುಗಟ್ಟಲೆ ಹರಡಿಕೊಂಡಿವೆ. ಕುರಿ ಕಾಯುವವರು, ಹಗ್ಗ ಹಿಡಿದು ಬಂಡೆ ಏರಲು ಬರುವ ಹುಡುಗರು, ಇವರನ್ನು ಬಿಟ್ಟರೆ ಅಲ್ಲಿ ಯಾರೂ ಎದುರಾಗುವುದಿಲ್ಲ. ಹೊತ್ತು ಮತ್ತು ದಿಕ್ಕು ಎರಡನ್ನೂ ನೋಡಿಕೊಂಡು ಹೊರಟರೆ ಶಾಂತವಾದ ಜಾಗಕ್ಕೆ ಬಾದಾಮಿಯಲ್ಲಿ ಬಹಳ ದೂರ ನಡೆಯಬೇಕಾಗಿಲ್ಲ. ಬೇರೆ ಊರು ಹುಡುಕುವ ಮೊದಲು ಇಲ್ಲಿ ಒಂದೂವರೆ ದಿನ ಸರಿಯಾಗಿ ಕಳೆಯಿರಿ.

ಮೊದಲು ಊರಿನ ನಕ್ಷೆ ತಲೆಯಲ್ಲಿ ಕೂರಬೇಕು. ಊರಿನ ಪೂರ್ವಕ್ಕೆ ಅಗಸ್ತ್ಯತೀರ್ಥ ಎಂಬ ಕೆರೆ. ಅದರ ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳು. ಉತ್ತರದ ಗುಡ್ಡದ ಬುಡದಲ್ಲಿ ವಸ್ತುಸಂಗ್ರಹಾಲಯ, ಮೇಲೆ ಕೋಟೆ, ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಕೆರೆಯ ಪೂರ್ವದ ತುದಿಯಲ್ಲಿ ಭೂತನಾಥ. ಅಂದರೆ ಮೂರು ಕಡೆ ಬಂಡೆಯ ಗೋಡೆ, ಪಶ್ಚಿಮಕ್ಕೆ ಬಾಯಿ, ಆ ಬಾಯಿಯಲ್ಲಿ ಊರು. ಊರಿನ ಸದ್ದೆಲ್ಲ ಈ ಬಾಯಿಯಿಂದ ಒಳಗೆ ಬಂದು ಬಂಡೆಗೆ ಬಡಿದು ತಿರುಗುತ್ತದೆ. ಬೆಳಿಗ್ಗೆ ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರೆ ಇದು ಅರ್ಥವಾಗುತ್ತದೆ. ಕಲ್ಲಿಗೆ ಬಟ್ಟೆ ಬಿದ್ದ 'ಥಪ್' ಒಂದು ಸಲ, ಎದುರು ಬಂಡೆಯಿಂದ ಮರಳಿ ಬಂದ 'ಥಪ್' ಇನ್ನೊಂದು ಸಲ. ಕೆರೆಯ ದಂಡೆಯಲ್ಲಿ ಎಷ್ಟು ದೂರ ಸರಿದು ಕೂತರೂ ಈ ಸದ್ದು ಬಿಡುವುದಿಲ್ಲ. ಗುಡ್ಡದ ಏಣು, ಅಂದರೆ ಮೇಲಿನ ಅಂಚು, ದಾಟಿ ಹಿಂಬದಿಗೆ ಇಳಿದರೆ ನೂರಿನ್ನೂರು ಹೆಜ್ಜೆಯೊಳಗೆ ನಿಂತುಹೋಗುತ್ತದೆ, ನಡುವೆ ಬಂಡೆಯೇ ಅಡ್ಡ ನಿಲ್ಲುತ್ತದಲ್ಲ. ಹತ್ತುತ್ತಾ ಕಿವಿಗೊಟ್ಟಿರಿ, ಒಗೆಯುವ ಸದ್ದು ಕೇಳದಾದ ಜಾಗದಿಂದ ಮುಂದೆ ನಿಮಗೆ ಬೇಕಾದ ಬಾದಾಮಿ.

ಯಾವ ದಿನ, ಯಾವ ತಿಂಗಳು

ಮಂಗಳವಾರದಿಂದ ಗುರುವಾರದವರೆಗೆ ಪ್ರವಾಸಿಗಳು ಕಡಿಮೆ. ಆದರೆ ಈ ಭಾಗದಲ್ಲಿ ಕ್ಯಾಲೆಂಡರಿನ ರಜೆ ನೋಡಿದರಷ್ಟೇ ಸಾಲದು, ದೇವರ ವಾರಗಳನ್ನೂ ನೋಡಬೇಕು. ಊರಿಂದ 5 ಕಿ.ಮೀ. ದೂರದ ಬನಶಂಕರಿಗೆ ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ಭಕ್ತರು ಬರುತ್ತಾರೆ. ಅವರಲ್ಲಿ ಹಲವರು ಬಾದಾಮಿಯನ್ನೂ ನೋಡಿಕೊಂಡು ಹೋಗುತ್ತಾರೆ. ಗುಡ್ಡದಾಚೆಯ ಶಿವಕ್ಷೇತ್ರ ಮಹಾಕೂಟಕ್ಕೆ ಸೋಮವಾರ ಮತ್ತು ಶ್ರಾವಣ ಮಾಸ ಪೂರ್ತಿ ಜನ. ಹೀಗೆ ಲೆಕ್ಕ ಹಾಕಿದರೆ ಬುಧವಾರ, ಗುರುವಾರ ಎರಡೇ ಎಲ್ಲಕ್ಕೂ ಹೊಂದುವ ದಿನಗಳು. ಮಂಗಳವಾರ ಸಂಜೆ ಬಂದು ಇಳಿದು ಗುರುವಾರ ಮಧ್ಯಾಹ್ನ ಹೊರಡುವ ಹಾಗೆ ಯೋಜಿಸಿಕೊಳ್ಳಿ.

ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ ಶುರುವಾಗುತ್ತದೆ. ನಾಟಕ ಕಂಪನಿಗಳ ಡೇರೆ, ಅಂಗಡಿ, ಮೈಕು ವಾರಗಟ್ಟಲೆ ಇರುತ್ತವೆ. ಜಾತ್ರೆ ನೋಡಲೇಬೇಕಾದದ್ದು, ಅದರ ಸೊಗಸೇ ಬೇರೆ. ಆದರೆ ಶಾಂತಿ ಬೇಕೆಂದು ಆ ದಿನಗಳಲ್ಲಿ ಬಂದರೆ ಬಸ್ಸಿನಿಂದ ಹಿಡಿದು ಲಾಡ್ಜಿನವರೆಗೆ ಎಲ್ಲ ಕಡೆ ನೂಕುನುಗ್ಗಲು. ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸ, ಡಿಸೆಂಬರಿನ ಕೊನೆಯ ವಾರ, ಸಂಕ್ರಾಂತಿಯ ಆಸುಪಾಸು, ಈ ದಿನಗಳಲ್ಲಿ ಬರುವುದಾದರೆ ನಸುಕಿನಲ್ಲೇ ಗುಡ್ಡದಲ್ಲಿರಬೇಕು.

ತಿಂಗಳ ಮಾತಿಗೆ ಬಂದರೆ, ಎಲ್ಲರೂ ಹೇಳುವುದು ಚಳಿಗಾಲ. ಶಾಂತಿಯೇ ಮುಖ್ಯವಾದರೆ ಜುಲೈ ಮತ್ತು ಆಗಸ್ಟ್ ಹೆಚ್ಚು ಒಳ್ಳೆಯವು. ಇದು ಮಲೆನಾಡಲ್ಲ, ಆ ತಿಂಗಳುಗಳಲ್ಲಿ ಸಾಮಾನ್ಯವಾಗಿ ಮೋಡ, ಗಾಳಿ, ಆಗಾಗ ಜಿನುಗು ಮಳೆ ಇರುತ್ತದೆ. ಕೆಂಪು ಬಂಡೆಗಳ ಸಂದಿನಲ್ಲಿ ಹಸಿರು ಬಂದಿರುತ್ತದೆ, ಪ್ರವಾಸಿಗಳು ಬೆರಳೆಣಿಕೆ. ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಾರ್ಚ್ ಅರ್ಧದಿಂದ ಮೇ ಕೊನೆಯವರೆಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಂಡೆ ಹಗಲೆಲ್ಲ ಕಾದು ರಾತ್ರಿಯೂ ಶಾಖ ಬಿಡುತ್ತಿರುತ್ತದೆ. ಆಗ ಬೆಳಿಗ್ಗೆ ಒಂಬತ್ತರ ನಂತರ ಗುಡ್ಡದ ಮೇಲೆ ಇರಬಾರದು.

ಉಳಿಯುವ ಜಾಗ

ರಾತ್ರಿ ಬಾದಾಮಿಯಲ್ಲೇ ಉಳಿಯಿರಿ. ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದಿಂದ ಬೆಳಿಗ್ಗೆ ಹೊರಟವರು ಊರು ಮುಟ್ಟುವಷ್ಟರಲ್ಲಿ ಬಸ್ಸುಗಳೂ ಮುಟ್ಟಿರುತ್ತವೆ. ಶಾಂತವಾದ ಎರಡು ತಾಸು ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಬಸ್ ನಿಲ್ದಾಣದ ಎದುರಿನ ಮುಖ್ಯ ರಸ್ತೆಯ ಲಾಡ್ಜುಗಳಲ್ಲಿ ಉಳಿಯುವುದಾದರೆ ಹಿಂಬದಿಯ ಕೋಣೆ ಕೇಳಿ. ರಸ್ತೆ ಬದಿಯ ಕಿಟಕಿಗೆ ನಸುಕಿನ ಮೊದಲ ಬಸ್ಸಿನ ಹಾರ್ನು ತಪ್ಪಿದ್ದಲ್ಲ. ರಾಮದುರ್ಗ ರಸ್ತೆಯ ಮಯೂರ ಚಾಲುಕ್ಯ, ಸ್ಟೇಶನ್ ರಸ್ತೆ ಮತ್ತು ಬನಶಂಕರಿ ಕಡೆಯ ವಸತಿಗೃಹಗಳು ಗದ್ದಲದಿಂದ ಸ್ವಲ್ಪ ಪಕ್ಕಕ್ಕಿವೆ. ರೈಲಿಗೆ ಬರುವವರು ನೆನಪಿಡಿ: ಬಾದಾಮಿ ಸ್ಟೇಶನ್ ಊರಿಂದ ಸುಮಾರು 5 ಕಿ.ಮೀ. ದೂರ, ಟಂಟಂ ಅಥವಾ ಆಟೊ ಹಿಡಿಯಬೇಕು.

ರಾತ್ರಿಯೇ ಮೂರು ಕೆಲಸ ಮುಗಿಸಿ. ನೀರು ತುಂಬಿಡಿ. ಬುತ್ತಿಗೆ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಿ. ನಾಳೆ ಯಾವ ಗುಡ್ಡಕ್ಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಲಾಡ್ಜಿನವರಿಗೆ ಹೇಳಿ ಮಲಗಿ. ಏಣು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂಥದ್ದಲ್ಲ.

ಮೊದಲ ಬೆಳಿಗ್ಗೆ: ಕೆರೆಯ ಸುತ್ತ

ಡಿಸೆಂಬರ್, ಜನವರಿಯಲ್ಲಿ ಸೂರ್ಯ ಏಳುವುದು 6:45ರಿಂದ 7ರ ಒಳಗೆ, ಜೂನಿನಲ್ಲಿ 6ರ ಆಸುಪಾಸು. ಅದಕ್ಕೆ ಅರ್ಧ ತಾಸು ಮೊದಲು ಕೆರೆಯ ಉತ್ತರ ದಂಡೆಯಲ್ಲಿರಿ. ಬಸ್ ನಿಲ್ದಾಣದಿಂದ ಹಳೆಯ ಓಣಿಗಳೊಳಗೆ ಹಾದು ಹೋದರೆ ಕಾಲು ತಾಸಿನ ನಡಿಗೆ. ದಂಡೆಯ ಗುಂಟ ಪೂರ್ವಕ್ಕೆ ಭೂತನಾಥದ ಕಡೆ ನಡೆಯಿರಿ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎಂದರೆ ಭೂತನಾಥದ ಮುಂದಿನ ಕಟ್ಟೆಗೆ ಬಂದು ಫೋಟೊ ತೆಗೆದು ಅಲ್ಲಿಂದಲೇ ತಿರುಗುವುದು. ಗುಡಿಯ ಹಿಂದೆ ದೊಡ್ಡ ಬಂಡೆಗಳ ನಡುವೆ ಅನಂತಶಯನ ವಿಷ್ಣುವನ್ನು ಕೊರೆದ ಚಿಕ್ಕ ಗುಹೆಯಿದೆ, ಅತ್ತ ಹೋಗುವವರು ವಿರಳ. ಕೆರೆಯ ಈಶಾನ್ಯದ ಕಡೆ, ತಟ್ಟುಕೋಟಿಯ ಬಂಡೆಯ ಮುಖದಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರ ಕಾಲದ್ದು. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಇದರಲ್ಲೇ ಸಿಗುವುದು. ಕನ್ನಡ ಓದಬಲ್ಲ ಪ್ರತಿಯೊಬ್ಬರೂ ಒಮ್ಮೆ ಇದರ ಮುಂದೆ ನಿಲ್ಲಬೇಕು. ನಸುಕಿನಲ್ಲಿ ನಿಂತರೆ ಜೊತೆಗೆ ಮೀಂಚುಳ್ಳಿಯ ಕೂಗು ಬಿಟ್ಟು ಇನ್ನೇನೂ ಇರುವುದಿಲ್ಲ.

ಭೂತನಾಥದ ಸುತ್ತ ಬಂಡೆಗೆ ಬೆನ್ನು ಕೊಟ್ಟು ಕೂರುವ ಒಂದು ಜಾಗ ನೋಡಿಕೊಳ್ಳಿ, 20 ನಿಮಿಷ ಅಲುಗಾಡದೆ ಕೂರಿ. ಮನುಷ್ಯರು ನಡೆದು ಬಂದ ಕೂಡಲೇ ಹಕ್ಕಿಗಳು ಸುಮ್ಮನಾಗುತ್ತವೆ. ಕಾಲು ತಾಸು ಕಳೆದ ಮೇಲೆ ಮತ್ತೆ ತಮ್ಮ ಕೆಲಸಕ್ಕೆ ಹತ್ತುತ್ತವೆ. ಹತ್ತು ನಿಮಿಷಕ್ಕೇ ಎದ್ದವರಿಗೆ ಏನೂ ಕಾಣುವುದಿಲ್ಲ. ಬಂಡೆಯ ಮುಖಕ್ಕೆ ಅಂಟಿಕೊಂಡಂತೆ ಹಾರುವ ಕವಲುತೋಕೆ ಜಾತಿಯ ಹಕ್ಕಿಗಳು ಮೊದಲು ಬರುತ್ತವೆ, ಆಮೇಲೆ ಪಾರಿವಾಳಗಳು, ಬಿಸಿಲು ಏರಿದಂತೆ ಗಾಳಿಯ ಮೇಲೆ ತೇಲುವ ಹದ್ದುಗಳು. ಬೈನಾಕ್ಯುಲರ್ ಇದ್ದರೆ 8×42 ಅಳತೆಯದು ಸಾಕು.

ಬಟ್ಟೆ ಒಗೆಯುವ ಹೆಂಗಸರ ಕಡೆ ಕ್ಯಾಮೆರಾ ತಿರುಗಿಸಬೇಡಿ. ಅದು ಅವರ ಮನೆಯ ಅಂಗಳವಿದ್ದ ಹಾಗೆ. ಮಾತಾಡಬೇಕೆನಿಸಿದರೆ "ಯಕ್ಕಾ, ಕುಂಡರಬಹುದೇನ್ರಿ ಇಲ್ಲಿ?" ಎಂದರೆ ಜಾಗ ಮಾಡಿಕೊಡುತ್ತಾರೆ. ಕೆರೆಯ ಕೆಳಗಿನ ಮೆಟ್ಟಿಲುಗಳಿಗೆ ಪಾಚಿ ಹಿಡಿದಿರುತ್ತದೆ, ಕಾಲು ತೊಳೆಯಲು ಇಳಿದೇ ಜನ ಜಾರುತ್ತಾರೆ. ನೀರಿಗಿಳಿಯುವ ವಿಚಾರವೇ ಬೇಡ.

ಗುಹೆಗಳನ್ನು ನೋಡುವುದಿದ್ದರೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ, ಒಂದನೆಯದರ ಮುಂದೆ ನಿಲ್ಲದೆ ನೇರ ನಾಲ್ಕನೆಯದಕ್ಕೆ ಹತ್ತಿ. ಹಿಂದೆ ಬರುವ ಗುಂಪುಗಳೆಲ್ಲ ಒಂದನೆಯ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಅರ್ಧ ತಾಸು ನಿಲ್ಲುತ್ತವೆ. ಅಷ್ಟರಲ್ಲಿ ನಾಲ್ಕನೆಯದಾದ ಜೈನ ಗುಹೆ ಮತ್ತು ಚಾಲುಕ್ಯರ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆ ಎರಡೂ ನಿಮ್ಮ ಪಾಲಿಗೆ ಖಾಲಿ ಇರುತ್ತವೆ. ಗುಂಪು ಮೇಲೆ ಬರುವ ಹೊತ್ತಿಗೆ ನೀವು ಒಂದನೆಯದಕ್ಕೆ ಇಳಿದಿರುತ್ತೀರಿ. ಕಂಬ, ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿ: ಒಂದು ಪದರದೊಳಗೆ ಓರೆಯಾಗಿ ಎಳೆದ ಗೆರೆಗಳು ಕಾಣುತ್ತವೆ. ಹತ್ತಾರು ಕೋಟಿ ವರ್ಷಗಳ ಹಿಂದೆ ಹರಿಯುವ ನೀರು ಮರಳು ತಂದು ಸುರಿದ ಗುರುತು ಅದು. ಗೆರೆ ಇಳಿಜಾರಾದ ಕಡೆಗೆ ಅಂದಿನ ಹರಿವು ಇತ್ತು.

ಉತ್ತರದ ಗುಡ್ಡ

ವಸ್ತುಸಂಗ್ರಹಾಲಯದ ಪಕ್ಕದಿಂದ ಹತ್ತುವ ಹಾದಿ ಎತ್ತರದ ಎರಡು ಬಂಡೆಗಳ ನಡುವಿನ ಸೀಳಿನೊಳಗೆ ಹೋಗುತ್ತದೆ. ಸಿನಿಮಾ ಚಿತ್ರೀಕರಣದಿಂದ ಈ ಸೀಳಿಗೆ ಹೆಸರು ಬಂದು, ಹತ್ತರ ನಂತರ ಇಲ್ಲಿ ಸೆಲ್ಫಿಯ ಸಾಲು ನಿಲ್ಲುತ್ತದೆ. ಗೇಟು ತೆರೆಯುವ ಹೊತ್ತನ್ನು ಹಿಂದಿನ ಸಂಜೆಯೇ ಕಾವಲುಗಾರರಲ್ಲಿ ಕೇಳಿಟ್ಟುಕೊಂಡು ಮೊದಲಿಗರಾಗಿ ಹತ್ತಿ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ, ಆ ದಿನ ಈ ಬದಿಗೆ ಬರುವವರು ಇನ್ನೂ ಕಡಿಮೆ.

ಕೆಳಗಿನ ಶಿವಾಲಯ, ಕಣಜಗಳು, ಬುರುಜು ದಾಟಿ ಮೇಲಿನ ಶಿವಾಲಯಕ್ಕೆ ಸಾವಕಾಶ ಹತ್ತಿದರೂ 40 ನಿಮಿಷ ಸಾಕು. ಗುಡಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಗುಡಿಯ ಹಿಂದಕ್ಕೆ, ಊರು ಕಾಣದ ಕಡೆಗೆ ಹೋಗಿ. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಬಂಡೆಯ ಅಂಚಿನಿಂದ ಕನಿಷ್ಠ ಎರಡು ಮಾರು ದೂರವೇ ಇರಿ, ಇಲ್ಲಿ ಬೇಲಿ ಎಲ್ಲ ಕಡೆ ಇಲ್ಲ. ಮರಳುಗಲ್ಲು ಸವೆದು ಉದುರಿದ ಕಣಗಳು ಇಳಿಜಾರು ಬಂಡೆಯ ಮೇಲೆ ತೆಳ್ಳಗೆ ಹರಡಿರುತ್ತವೆ. ಕಣದಲ್ಲಿ ಚೆಲ್ಲಿದ ಜೋಳದ ಮೇಲೆ ನಡೆದ ಹಾಗೆ ಕಾಲು ಸರ್ರನೆ ಜಾರುತ್ತದೆ. ಬಂಡೆ ಒಣಗಿದೆ ಎಂಬ ಧೈರ್ಯಕ್ಕೆ ಬಿದ್ದವರೇ ಹೆಚ್ಚು. ಇಳಿಯುವಾಗ ಪಾದ ಪೂರ್ತಿ ಊರಿ, ಮಂಡಿ ಸ್ವಲ್ಪ ಬಾಗಿಸಿ, ಚಿಕ್ಕ ಹೆಜ್ಜೆ ಇಡಿ. ಸವೆದ ಚಪ್ಪಲಿ ಬೇಡ, ಹಲ್ಲು ಉಳಿದ ರಬ್ಬರ್ ಅಟ್ಟೆಯ ಬೂಟು ಬೇಕು.

ಸಂಜೆಗೆ ಮಾಲೆಗಿತ್ತಿ ಶಿವಾಲಯ ಒಳ್ಳೆಯದು. ಇದು ಇದೇ ಗುಡ್ಡದ ಪಶ್ಚಿಮದ ಬದಿಯಲ್ಲಿ, ಬೇರೆಯೇ ಬಂಡೆಯ ಮೇಲೆ ನಿಂತ ಏಳನೆಯ ಶತಮಾನದ ಗುಡಿ. ಗುಹೆ ಮತ್ತು ಕೆರೆ ನೋಡಿ ಹೋಗುವವರ ದಾರಿಗೆ ಇದು ಬರುವುದಿಲ್ಲ, ಹಾಗಾಗಿ ರಜಾದಿನದಲ್ಲೂ ಕೂರಲು ಜಾಗ ಸಿಗುತ್ತದೆ. ಸೂರ್ಯ ಮುಳುಗುವುದು ಊರಿನ ಮೇಲೆ. ಇಳಿಯುವ ಹೊತ್ತಿಗೆ ಬೆಳಕು ಇರಬೇಕು.

ಸಿಡ್ಲಫಡಿ: ಅರ್ಧ ದಿನದ ನಡಿಗೆ

ಬಾದಾಮಿಯಲ್ಲಿ ಒಂದೇ ಶಾಂತ ಜಾಗಕ್ಕೆ ಹೋಗಲು ಹೊತ್ತಿದ್ದರೆ ಇದಕ್ಕೇ ಹೋಗಬೇಕು. ಕೆರೆಯ ಹಿಂದಿನ ಗುಡ್ಡಗಳ ಮೇಲೆ, ಊರಿನಿಂದ ಮೂರು ನಾಲ್ಕು ಕಿ.ಮೀ. ದೂರದಲ್ಲಿ ಒಂದು ಭಾರಿ ಬಂಡೆಯ ಮಾಡು. ಅದರಲ್ಲಿ ಬೆಳಕು ಒಳಬೀಳುವ ದೊಡ್ಡ ಕಂಡಿಗಳು, ಗೋಡೆಯ ಮೇಲೆ ಇತಿಹಾಸಪೂರ್ವ ಕಾಲದ ಮನುಷ್ಯರು ಕೆಮ್ಮಣ್ಣಿನಲ್ಲಿ ಬರೆದ ಪ್ರಾಣಿ, ಮನುಷ್ಯರ ಚಿತ್ರಗಳು. ಗಾಡಿ ಹೋಗುವ ದಾರಿಯಿಲ್ಲ, ಅಂಗಡಿಯಿಲ್ಲ, ನೀರಿಲ್ಲ. ಅದಕ್ಕೇ ಜನವೂ ಇಲ್ಲ.

ಮೊದಲ ಸಲ ಹೋಗುವವರು ಹಾದಿ ಗೊತ್ತಿರುವವರನ್ನು ಕರೆದುಕೊಂಡೇ ಹೋಗಿ. ಗುಹೆಗಳ ಗೇಟಿನ ಬಳಿ ಗೈಡುಗಳು ಸಿಗುತ್ತಾರೆ. ಎಷ್ಟು ತಾಸು, ಎಷ್ಟು ದುಡ್ಡು ಎಂಬುದನ್ನು ಹಿಂದಿನ ದಿನವೇ ಮಾತಾಡಿ ಮುಗಿಸಿ. ಮೇಲೆ ಸುಮ್ಮನೆ ಕೂರಬೇಕು, ದಾರಿಯುದ್ದಕ್ಕೂ ವಿವರಣೆ ಬೇಡ ಎಂದೂ ಆಗಲೇ ತಿಳಿಸಿ. ಇಲ್ಲಿ ದಾರಿ ತಪ್ಪುವುದಕ್ಕೆ ಕಾರಣ ಕಾಡು ದಟ್ಟವಾಗಿದೆ ಎಂದಲ್ಲ. ಮೇಲಿನ ಬಯಲಿನಲ್ಲಿ ಕುರಿಗಳು ತುಳಿದ ಹತ್ತಾರು ಕಾಲುಹಾದಿಗಳು ಒಂದೇ ಥರ ಕಾಣುತ್ತವೆ. ಗುರುತಿಗೆ ಎತ್ತರದ ಮರವಿಲ್ಲ. ಜಾಲಿ, ಕಾರೆ, ಕಳ್ಳಿ, ಸೀತಾಫಲದ ಪೊದೆಗಳೇ ಎಲ್ಲ ಕಡೆ. ಕವಲು ಬಂದಲ್ಲೆಲ್ಲ ಒಮ್ಮೆ ತಿರುಗಿ ನಿಂತು, ಬಂದ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮರಳುವಾಗ ಕಣ್ಣಿಗೆ ಬೀಳುವ ನೋಟ ಅದೇ. ಮೊಬೈಲಿನಲ್ಲಿ ಈ ಭಾಗದ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆ ತೆರೆಯುವ ಹಾಗೆ ಇಳಿಸಿಕೊಂಡಿರಿ. ಕುರಿಗಾಹಿಗಳು ಸಿಕ್ಕರೆ "ಅಣ್ಣಾರ, ಸಿಡ್ಲಫಡಿಗೆ ಇದ ಹಾದಿ ಏನ್ರಿ?" ಎಂದು ಕೇಳಲು ಹಿಂಜರಿಯಬೇಡಿ. ಆ ಗುಡ್ಡವನ್ನು ಅವರಷ್ಟು ಬಲ್ಲವರಿಲ್ಲ.

ಚಳಿಗಾಲದಲ್ಲಿ ಲೆಕ್ಕ ಹೀಗಿರಲಿ: 6:30ಕ್ಕೆ ಕೆರೆ ಬಿಟ್ಟರೆ ನಿಂತು ನೋಡುತ್ತ 8ರ ಸುಮಾರಿಗೆ ತಲುಪುತ್ತೀರಿ. ಒಂದೂವರೆ ತಾಸು ಅಲ್ಲಿರಿ. 9:30ಕ್ಕೆ ಹೊರಟರೆ 11ಕ್ಕೆ ಊರಲ್ಲಿ. ಬುತ್ತಿ ಅಲ್ಲೇ ಬಿಚ್ಚಿ, ಆದರೆ ಚಿತ್ರಗಳಿರುವ ಗೋಡೆಯಿಂದ ದೂರ ಕೂತು. 8ರ ಒಳಗೆ ತಲುಪಲಿಲ್ಲ, ದಾರಿಯೂ ಅನುಮಾನ ಅನ್ನಿಸಿದರೆ ಅಲ್ಲಿಂದಲೇ ತಿರುಗಿ. 'ಇನ್ನೊಂದು ಸ್ವಲ್ಪ' ಎಂದು ಮುಂದೆ ಹೋಗಿ ಬಿಸಿಲಿಗೆ ಸಿಕ್ಕಿ, ನೀರು ಮುಗಿಸಿಕೊಂಡು ಒದ್ದಾಡುವುದೇ ಇಲ್ಲಿ ಹೆಚ್ಚಾಗಿ ಆಗುವ ತೊಂದರೆ.

ಚಿತ್ರಗಳು ಮಾಸಿವೆ. ಕಣ್ಣು ನೆರಳಿಗೆ ಹೊಂದಿಕೊಳ್ಳಲು ಐದು ನಿಮಿಷ ಕೊಟ್ಟರೆ ಒಂದೊಂದಾಗಿ ಮೂಡಿ ಕಾಣುತ್ತವೆ. ಬಣ್ಣ ಎದ್ದು ಕಾಣಲೆಂದು ಕೆಲವರು ಬಾಟಲಿ ನೀರು ಎರಚುತ್ತಾರೆ, ಇದನ್ನು ದಯವಿಟ್ಟು ಮಾಡಬೇಡಿ, ಮಾಡುವವರನ್ನು ತಡೆಯಿರಿ. ನೀರು ಆರುವಾಗ ಕಲ್ಲಿನೊಳಗಿನ ಉಪ್ಪು ಮೇಲಕ್ಕೆ ಬಂದು ಬಣ್ಣದ ಪದರವನ್ನೇ ಬಿಡಿಸುತ್ತದೆ. ಕೈ ಸವರಿದರೆ ಬೆವರು, ಎಣ್ಣೆ ಹತ್ತುತ್ತದೆ. ಸಾವಿರಾರು ವರ್ಷ ಬಿಸಿಲು ಮಳೆಗೆ ತಡೆದುಕೊಂಡ ಗೆರೆ ಒಂದು ಪ್ರವಾಸದ ಋತುವಿನಲ್ಲಿ ಅಳಿಯಬಾರದು. ಸಂರಕ್ಷಿತ ಸ್ಮಾರಕಗಳ ಮೇಲೆ ಹೆಸರು ಗೀಚಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು.

ಹೆಜ್ಜೇನು, ಮಂಗ, ಹಾವು

ಬಾದಾಮಿಯ ಮುಂಚಾಚಿದ ಬಂಡೆಗಳ ಕೆಳಗೆ ಹೆಜ್ಜೇನಿನ ಹುಟ್ಟುಗಳು ತೂಗುತ್ತಿರುತ್ತವೆ. ಕೂರುವ ಮೊದಲು ತಲೆ ಎತ್ತಿ ನೋಡುವುದು ಅಭ್ಯಾಸವಾಗಬೇಕು. ಬಂಡೆಯ ಮುಖದ ಮೇಲೆ ಕಪ್ಪಗೆ ಅರ್ಧಚಂದ್ರದ ಆಕಾರ ಕಂಡರೆ, ಅದರ ಮೈ ಅಲೆ ಅಲೆಯಾಗಿ ಮಿಸುಕುತ್ತಿದ್ದರೆ ಜೀವಂತ ಹುಟ್ಟು ಅದು. ಅದರ ಕೆಳಗೆ ಕೂರಬೇಡಿ, ಮಾತನ್ನೂ ತಗ್ಗಿಸಿ ದೂರ ಸರಿಯಿರಿ. ಹುಳುಗಳನ್ನು ಕೆರಳಿಸುವುದು ಹೊಗೆ, ಅತ್ತರು, ಕಲ್ಲೆಸೆತ, ಡ್ರೋನಿನ ಸದ್ದು. ಅತ್ತರು, ಸೆಂಟು ಹಾಕಿಕೊಂಡು ಗುಡ್ಡ ಹತ್ತಬೇಡಿ. ಬೀಡಿ ಸಿಗರೇಟು ಖಂಡಿತ ಬೇಡ.

ಹುಳು ಎದ್ದರೆ ಕೈ ಬೀಸಬಾರದು. ಟವೆಲಿನಿಂದ ತಲೆ, ಮುಖ ಮುಚ್ಚಿ, ಕಾಲು ಹಾಕುವ ಜಾಗ ಮಾತ್ರ ಕಾಣುವಷ್ಟು ಬಿಟ್ಟು, ಅಲ್ಲಿಂದ ಬೇಗ ದೂರ ಹೋಗಬೇಕು. ಮುಚ್ಚಿದ ಕೋಣೆ ಅಥವಾ ಗಾಡಿ ಸಿಗುವವರೆಗೆ ನಿಲ್ಲಬಾರದು. ಕೆರೆಗೆ ಹಾರುವುದು ಉಪಾಯವಲ್ಲ, ಹುಳುಗಳು ನೀರಿನ ಮೇಲೆಯೇ ಸುತ್ತುತ್ತ ಕಾಯುತ್ತವೆ. ಮುಳ್ಳುಗಳನ್ನು ಉಗುರಿನಿಂದ ಕೆರೆದು ಆದಷ್ಟು ಬೇಗ ತೆಗೆಯಿರಿ. ಹಲವು ಕಡೆ ಕಚ್ಚಿದ್ದರೆ, ತುಟಿ ಗಂಟಲು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮಂಗಗಳ ಕಾಟ ಇರುವುದು ಜನ ಇರುವಲ್ಲೇ, ಏಣಿನ ಆಚೆ ಇಲ್ಲ. ಬಂದವರೆಲ್ಲ ಬಾಳೆಹಣ್ಣು, ಬಿಸ್ಕಿಟು ಕೊಟ್ಟು ರೂಢಿ ಮಾಡಿಸಿದ್ದಾರೆ, ಪ್ಲಾಸ್ಟಿಕ್ ಚೀಲದ ಪರಪರ ಕೇಳಿದರೆ ಅವಕ್ಕೆ ತಿಂಡಿ ಬಂತೆಂದೇ ಲೆಕ್ಕ. ಬುತ್ತಿಯನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿಯನ್ನು ಬೆನ್ನಚೀಲದ ತಳದಲ್ಲಿ ಇಡಿ. ಕೈಯಲ್ಲಿ ಏನೂ ಹಿಡಿಯಬೇಡಿ. ದಿಟ್ಟಿಸಿ ನೋಡಬೇಡಿ, ಹಲ್ಲು ಕಿರಿದು ನಗಬೇಡಿ, ಎರಡನ್ನೂ ಅವು ಜಗಳಕ್ಕೆ ಕರೆ ಎಂದೇ ತಿಳಿಯುತ್ತವೆ. ಚೀಲಕ್ಕೆ ಕೈ ಹಾಕಿದರೆ ಎಳೆದಾಡದೆ ಬಿಟ್ಟುಬಿಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ವಿಚಾರ ಕೇಳಿ.

ಹಾವಿನ ಮಟ್ಟಿಗೆ ಒಂದೇ ನಿಯಮ: ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬಾರದು, ಕಾಲು ಇಡಬಾರದು. ಬಂಡೆ ಹಿಡಿದು ಹತ್ತುವಾಗ ಮೇಲಿನ ಅಂಚಿಗೆ ಕುರುಡಾಗಿ ಕೈ ಚಾಚುವುದೇ ಅಪಾಯ.

ನೀರಿನ ಲೆಕ್ಕ

ಚಳಿಗಾಲದಲ್ಲಿ ಉತ್ತರದ ಗುಡ್ಡಕ್ಕೆ ತಲೆಗೆ ಒಂದೂವರೆ ಲೀಟರ್, ಸಿಡ್ಲಫಡಿಗೆ ಮೂರು ಲೀಟರ್. ಒಂದು ಪೊಟ್ಟಣ ಓಆರ್‌ಎಸ್ ಇರಲಿ, ಪೂರ್ತಿ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿಗೇ ಕಲಸಿ, ಅರ್ಧರ್ಧ ಬೇಡ. ಬಾಯಾರಿಕೆಗೆ ಕಾಯದೆ ಕಾಲು ತಾಸಿಗೆ ಎರಡು ಗುಟುಕು. ನೀರು ಅರ್ಧ ಆದಾಗ ಮರಳುವುದು. ಈ ನಿಯಮ ಮುರಿಯಬೇಡಿ. ಗುಡ್ಡದ ಹೊಂಡಗಳ ನೀರು ದನಕುರಿಗಳದ್ದು, ಕುಡಿಯಲು ಆಗುವುದಿಲ್ಲ. ಟೋಪಿ, ದೊಡ್ಡ ಟವೆಲು, ಟಾರ್ಚು, ಒಂದು ಸೀಟಿ. ಇಷ್ಟರ ಮೇಲೆ ಭಾರ ಬೇಡ. ಇಬ್ಬರು ಅಥವಾ ಮೂವರು ಹೋಗುವುದು ಎಲ್ಲ ರೀತಿಯಲ್ಲೂ ಸರಿ. ಒಬ್ಬರೇ ಹೋದರೆ ಕಾಲು ಉಳುಕಿದಾಗ ಸುದ್ದಿ ಮುಟ್ಟಿಸುವವರಿಲ್ಲ. ಐದಾರು ಜನವಾದರೆ ಗದ್ದಲವನ್ನು ನೀವೇ ಹೊತ್ತೊಯ್ದ ಹಾಗೆ.

ಮಹಾಕೂಟ ಮತ್ತು ಮಳೆಯ ದಿನಗಳು

ಮಹಾಕೂಟಕ್ಕೆ ಡಾಂಬರು ರಸ್ತೆಯಲ್ಲಿ ಸುಮಾರು 14 ಕಿ.ಮೀ. ಗುಡ್ಡ ದಾಟುವ ಹಳೆಯ ಕಾಲುಹಾದಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ, ಎರಡು ತಾಸಿನ ನಡಿಗೆ. ಸ್ಟೇಶನ್ ರಸ್ತೆಯ ಕಡೆಯವರನ್ನು ಕೇಳಿದರೆ ಹಾದಿ ತೋರಿಸುತ್ತಾರೆ. ಬುಧವಾರ, ಗುರುವಾರ ಬೆಳಿಗ್ಗೆ ಹೋದರೆ ದೊಡ್ಡ ಮರಗಳ ನೆರಳು, ಬುಗ್ಗೆಯ ನೀರು ತುಂಬಿದ ವಿಷ್ಣು ಪುಷ್ಕರಿಣಿ ಎರಡೂ ಸಮಾಧಾನವಾಗಿ ಸಿಗುತ್ತವೆ. ನಡೆದು ಹೋಗಿ, ಮರಳಲು ಗಾಡಿ ಹೇಳಿಟ್ಟುಕೊಳ್ಳಿ. ಅಲ್ಲಿ ಟಂಟಂ ತಾನಾಗಿ ಸಿಗುತ್ತದೆ ಎಂದು ನಂಬಿ ಮಧ್ಯಾಹ್ನದವರೆಗೆ ಕಾಯಬೇಡಿ.

ಜೋರು ಮಳೆ ಬಿದ್ದ ದಿನ ಕೆರೆಯ ಮೇಲಿನ ಬಂಡೆಯಿಂದ ಅಕ್ಕ–ತಂಗಿ ಎಂಬ ಜೋಡಿ ಧಾರೆಗಳು ಧುಮುಕುತ್ತವೆ. ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದೆಲ್ಲ ಆ ಕ್ಷಣವೇ ಹರಿದುಬರುತ್ತದೆ. ಹಾಗಾಗಿ ಧಾರೆ ಬೇಗ ತುಂಬಿ, ಮಳೆ ನಿಂತ ಮೇಲೆ ಬೇಗ ಸೊರಗುತ್ತದೆ. ನಾಳೆ ನೋಡೋಣ ಎಂದರೆ ಇರುವುದಿಲ್ಲ. ಇದೇ ಕಾರಣಕ್ಕೆ ಅದರ ಅಪಾಯವೂ ದೊಡ್ಡದು: ಒಣಗಿದ್ದ ಹಳ್ಳ ಹತ್ತು ನಿಮಿಷದಲ್ಲಿ ಮಂಡಿಯ ಮಟ್ಟಕ್ಕೆ ಬರಬಹುದು. ಧಾರೆಯನ್ನು ಕೆರೆಯ ದಂಡೆಯಿಂದ, ಭೂತನಾಥದ ಕಡೆಯಿಂದ ನೋಡಿ. ಅದರ ತಲೆಗೆ ಹತ್ತಬೇಡಿ. ಗುಡುಗು ಕೇಳಿದ ಕೂಡಲೇ ಬಯಲು ಬಂಡೆಯಿಂದ ಇಳಿಯಿರಿ, ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ನಿಂತಿರುವುದು ನೀವೇ. ಪಟ್ಟದಕಲ್ಲಿನ ಕಡೆ ಭದ್ರನಾಯಕನ ಜಾಲಿಹಾಳದ ಹತ್ತಿರ ಹುಲಿಗೆಮ್ಮನ ಕೊಳ್ಳವೂ ಮಳೆಗಾಲದ ಮಟ್ಟಿಗೆ ಚೆನ್ನ. ಚಾಲುಕ್ಯರ ಕಾಲದ ಚಿಕ್ಕ ಗುಡಿಗಳ ನಡುವೆ ನೀರು ಬೀಳುವ ಜಾಗ. ಭಾನುವಾರ ಮಾತ್ರ ಬೇಡ.

ರಜಾದಿನವೇ ಬರಬೇಕಾಗಿ ಬಂದರೆ

ಎಲ್ಲರಿಗೂ ಬುಧವಾರ ಬಿಡುವು ಸಿಗುವುದಿಲ್ಲ. ಭಾನುವಾರವೇ ಗತಿ ಎಂದಾದರೆ ದಿನವನ್ನು ತಲೆಕೆಳಗು ಮಾಡಿ. ನಸುಕಿನಿಂದ 9:30ರವರೆಗೆ ಗುಡ್ಡ. 10ರಿಂದ 4ರವರೆಗೆ, ಜನ ಗುಹೆಗಳಲ್ಲಿ ತುಂಬಿರುವಾಗ, ಊಟ ಮತ್ತು ನಿದ್ದೆ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರ ಹತ್ತಿರ ರೊಟ್ಟಿ, ಪಲ್ಯ, ಮೊಸರು ಉಣ್ಣುವುದಕ್ಕೆ ಇದೇ ಹೊತ್ತು. ಬಸ್ಸುಗಳು ಪಟ್ಟದಕಲ್ಲು, ಐಹೊಳೆಯ ಕಡೆ ಹೊರಟ ಮೇಲೆ, 4ರ ನಂತರ, ಮತ್ತೆ ಕೆರೆಯ ಪೂರ್ವದ ತುದಿಗೆ ಅಥವಾ ಮಾಲೆಗಿತ್ತಿಗೆ. ಸಿಡ್ಲಫಡಿಗೆ ಮಾತ್ರ ಮಧ್ಯಾಹ್ನ ಹೊರಡಬೇಡಿ, ಇಳಿಯುವಾಗ ಕತ್ತಲಾಗುತ್ತದೆ.

ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹತ್ತುವವರು ಎದುರಾದರೆ ಜಗಳಕ್ಕೆ ಹೋಗದೆ "ಅಣ್ಣಾರ, ಮ್ಯಾಲೆ ಜೇನು ಅದಾವ್ರಿ, ಸ್ವಲ್ಪ ಸದ್ದ ಕಡಿಮಿ ಮಾಡ್ರಿ" ಎಂದು ಹೇಳಿ ನೋಡಿ. ಮಾತು ನಿಜ, ಕೆಲಸವೂ ಆಗುತ್ತದೆ. ಸ್ಮಾರಕಗಳ ಸುತ್ತ ಡ್ರೋನ್ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಬುತ್ತಿಯ ಕಾಗದ, ಬಾಟಲಿ, ಹಣ್ಣಿನ ಸಿಪ್ಪೆಯನ್ನು ಸಹ ಚೀಲದಲ್ಲೇ ತುಂಬಿಕೊಂಡು ಇಳಿಯಿರಿ. ಸಿಪ್ಪೆ ಕೊಳೆಯುತ್ತದಲ್ಲ ಎಂದು ಎಸೆದರೆ ಅದರ ಜಾಡು ಹಿಡಿದು ಮಂಗಗಳು ಏಣು ದಾಟುತ್ತವೆ. ಒಮ್ಮೆ ರುಚಿ ಹತ್ತಿದರೆ ಅಲ್ಲೇ ಬೀಡು ಬಿಡುತ್ತವೆ.